ಎರಡನೇ ಸಲ ಬಂದ ಹೆಲಿಕಾಪ್ಟರು

ಹೋದ ವರ್ಷ ದೀಪಾವಳಿ ಕಳೆದ ವಾರ ಚಿನಕುರಳಿಯ ಕ್ಲಿನಿಕ್ಕಿನಲ್ಲಿ ಕಲ್ಲು ಕ್ವಾರಿಯ ಕೆಲಸಗಾರರೊಬ್ಬರ ಕಾಲಿನ ಗಾಯ ತೊಳೆಯುತ್ತಿದ್ದೆ. ಮೇಜಿನ ಮೇಲಿದ್ದ ನನ್ನ ಫೋನು ಬಡಿದುಕೊಳ್ಳತೊಡಗಿತು. ಕೈಗೆ ಗ್ಲೌಸು ಹಾಕಿದ್ದರಿಂದ ಎತ್ತಲಿಲ್ಲ. ಮೂರನೆಯ ಸಲ ಬಡಿದಾಗ ಗಾಯದವರೇ, "ಎತ್ತಿ ಸಾ, ಯಾರೋ ಅರ್ಜೆಂಟ್ನೋರು. ನನ್ ಕಾಲೇನು ಓಡೋಗಕಿಲ್ಲ," ಎಂದರು.

ನಮ್ಮ ಹಳೆಯ ಪಲ್ಟನ್ನಿನ ಸುಬೇದಾರರು ಮಾತಾಡುತ್ತಿದ್ದರು. ನಿವೃತ್ತರಾಗಿ ಉತ್ತರದ ತಮ್ಮ ಊರಿನಲ್ಲಿರುವ ಅವರು ವರ್ಷಕ್ಕೊಮ್ಮೆ ಹೊಸ ವರ್ಷಕ್ಕೆ ಮಾತ್ರ ಫೋನು ಮಾಡುವವರು.

"ಹೆಲಿಕಾಪ್ಟರ್ ಸಾಹೇಬರು ಸಿಕ್ಕಿದ್ದಾರೆ," ಎಂದರು ಹಿಂದಿಯಲ್ಲಿ. "ಮದುವೆಗೆ ಅಂತ ಮೈಸೂರಿಗೆ ಬಂದಿದ್ದಾರಂತೆ. ನಿನ್ನನ್ನೂ ನಿನ್ನ ಗೆಳೆಯನನ್ನೂ ಕೇಳ್ತಿದ್ದಾರೆ. ನಿನ್ನ ನಂಬರು ಕೊಡಲಾ?"

ಕೊಡಿ ಎಂದೆ. ಆಮೇಲೆ ಆ ಕಾಲಿಗೆ ಕಟ್ಟು ಹೇಗೆ ಕಟ್ಟಿದೆನೋ ನೆನಪಿಲ್ಲ.

ನಾನು ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವನು. ನಮ್ಮದು ನಾಗಮಂಗಲದ ಅಕ್ಕಸಾಲಿ ಮನೆ. ಮೂಗುಬೊಟ್ಟಿಗೆ ಹರಳು ಕೂರಿಸುವುದರಲ್ಲಿ ನನ್ನ ತಂದೆಯ ಕೈಯನ್ನು ಊರೆಲ್ಲ ಹೊಗಳುತ್ತಿತ್ತು. ಪೇಟೆಯ ಅಂಗಡಿಗಳಿಗೆ ಸಿದ್ಧ ಒಡವೆ ಬರತೊಡಗಿದ ಮೇಲೆ ಮನೆಯಲ್ಲಿ ಇಬ್ಬರಿಗೆ ಆಗುವಷ್ಟು ಕೆಲಸ ಉಳಿಯಲಿಲ್ಲ. ನಾನು ಸೇನೆಯ ಭರ್ತಿಗೆ ಹೋಗಿ ನಿಂತೆ, ಆಯ್ಕೆಯಾದೆ. ತರಬೇತಿಯಲ್ಲಿ ರಕ್ತನಾಳಕ್ಕೆ ಸೂಜಿ ಹಾಕುವುದು ನನಗೆ ಮೊದಲ ಸಲಕ್ಕೇ ಬಂತು. ಎಲ್ಲಿ ಕಲಿತೆ ಎಂದು ಉಸ್ತಾದರು ಕೇಳಿದರು. ಸಾಸಿವೆಯಷ್ಟು ಹರಳನ್ನು ಚಿಮುಟದಲ್ಲಿ ಹಿಡಿದು ಬೆಳೆದವನಿಗೆ ಅದೇನು ದೊಡ್ಡದಾಗಿ ಕಾಣಲಿಲ್ಲ.

ಗಾಯಾಳುಗಳನ್ನು ನೋಡಿಕೊಳ್ಳಲು ನನ್ನನ್ನು ಒಂದು ಕಾಲ್ದಳದ ಪಲ್ಟನ್ನಿಗೆ ಹಾಕಿದರು. ಅಲ್ಲಿಗೆ ಹೋದ ಮೊದಲ ದಿನವೇ ಊಟದ ಸಾಲಿನಲ್ಲಿ ನನ್ನ ಹಿಂದಿನಿಂದ ಒಂದು ದನಿ ಕೇಳಿಸಿತು. "ಥೂ ಇವ್ನ, ಉಪ್ಪೇ ಆಕಿಲ್ವಲ್ಲಪ್ಪ ಬ್ಯಾಳೆಗೆ." ತಿರುಗಿ ನೋಡಿದೆ. ಗುಂಗುರು ಕೂದಲಿನ, ಅಗಲ ಎದೆಯ ಆಳು.

"ಯಾವೂರ್ಲಾ ನಿಂದು?" ಎಂದೆ.

ಅವನು ತಟ್ಟೆ ಹಿಡಿದುಕೊಂಡೇ ನನ್ನನ್ನು ತಬ್ಬಿಕೊಂಡ. ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆ ಅವನ ಊರು. ಕಬ್ಬು ಬೆಳೆಯುವ ಮನೆಯವನು. ಊರಲ್ಲಿದ್ದಿದ್ದರೆ ನಾವು ಒಬ್ಬರನ್ನೊಬ್ಬರು ಕಾಣುತ್ತಲೇ ಇರಲಿಲ್ಲವೇನೋ. ಅಲ್ಲಿ ಮಾತ್ರ ಎರಡು ವರ್ಷ ಒಂದೇ ಡಬ್ಬಿಯಿಂದ ಉಪ್ಪಿನಕಾಯಿ ತಿಂದೆವು.

ಆಮೇಲೆ ಯುದ್ಧ ಬಂತು.

ನಮ್ಮ ಕಂಪನಿಯನ್ನು ಗಡಿಯ ಒಂದು ಬೋಳು ಬೆಟ್ಟದ ಕಿರಿದಾದ ಬೆನ್ನಿನ ಮೇಲೆ ಕೂರಿಸಿದ್ದರು. ಮರವಿಲ್ಲ, ಹುಲ್ಲಿಲ್ಲ. ಕಲ್ಲು ಮತ್ತು ಹಿಮ, ಅಷ್ಟೇ. ಹತ್ತು ಹೆಜ್ಜೆ ನಡೆದರೆ ನಿಂತು ಉಸಿರು ಎಳೆದುಕೊಳ್ಳಬೇಕು. ಎದುರಿನ ಬೆಟ್ಟದ ಮೇಲೆ ಶತ್ರು. ನಾವು ನೀರು ಕಾಯಿಸಿದ ಹೊಗೆ ಅವರಿಗೆ ಕಾಣುತ್ತಿತ್ತು, ಅವರು ಕಾಯಿಸಿದ್ದು ನಮಗೆ.

ಒಂದು ಬೆಳಿಗ್ಗೆ ಚಹಾ ಹಂಚುವ ಹೊತ್ತಿಗೆ ಶೆಲ್ಲು ಬಿತ್ತು. ಹೊಗೆ ಇಳಿದ ಮೇಲೆ ಇಬ್ಬರು ಬಿದ್ದಿದ್ದರು. ಒಬ್ಬ ನನ್ನ ಗೆಳೆಯ. ಎಡಗಾಲು ಮಂಡಿಯಿಂದ ಕೆಳಗೆ ಜಜ್ಜಿ ಹೋಗಿತ್ತು. ಇನ್ನೊಬ್ಬ ಹಿಮಾಲಯದ ಕಡೆಯ ಒಬ್ಬ ಪಹಾಡಿ ಜವಾನ, ಬಹಳ ಕಡಿಮೆ ಮಾತಿನವನು. ಅವನ ಹೊಟ್ಟೆಯ ಮೇಲೆ ಹೊರಗೆ ಕಾಣುತ್ತಿದ್ದದ್ದು ಕಡಲೆಕಾಳಿನಷ್ಟು ತೂತು ಮಾತ್ರ. ಆದರೆ ಹೊಟ್ಟೆ ಕೈಗೆ ಹಲಗೆಯಂತೆ ಗಟ್ಟಿಯಾಗಿ ಸಿಕ್ಕಿತು. ಒಳಗೆ ರಕ್ತ ಸೋರುತ್ತಿದೆ ಎಂದು ಅರ್ಥ. ಅದನ್ನು ನಿಲ್ಲಿಸುವುದು ನನ್ನ ಚೀಲದಲ್ಲಿರುವ ಯಾವುದರಿಂದಲೂ ಆಗುತ್ತಿರಲಿಲ್ಲ.

ಗೆಳೆಯನ ತೊಡೆಗೆ ಪಟ್ಟಿ ಬಿಗಿಯುತ್ತಿದ್ದಾಗ ಅವನು ಕೇಳಿದ: "ಲೇ, ಕಾಲು ಅದೆಯೇನ್ಲಾ?"

"ಅದೆ. ಸುಮ್ಕಿರು."

"ಸುಳ್ಳು ಯೋಳ್ಬ್ಯಾಡ ಕಣ್ಲಾ."

"ಮಂಡಿ ಗಂಟ ಅದೆ."

ಅವನು ಸ್ವಲ್ಪ ಹೊತ್ತು ಆಕಾಶ ನೋಡಿದ. "ಮಂಡಿ ಅದ್ಯಲ್ಲ, ಸಾಕು ಬುಡು. ಟ್ರಾಕ್ಟರು ಕ್ಲಚ್ಚು ತುಳೀಬೋದು," ಎಂದ.

ಹೊತ್ತುಕೊಂಡು ಇಳಿದರೆ ಕೆಳಗಿನ ಆಸ್ಪತ್ರೆ ಮುಟ್ಟಲು ಮರುದಿನ ಬೆಳಗಾಗುತ್ತಿತ್ತು. ಪಹಾಡಿ ಜವಾನನಿಗೆ ಅಷ್ಟು ಹೊತ್ತಿರಲಿಲ್ಲ. ಸುಬೇದಾರರು ವೈರ್‌ಲೆಸ್ಸಿನಲ್ಲಿ ಹೆಲಿಕಾಪ್ಟರು ಕೇಳಿದರು. ಇಳಿಯಲು ನಾವು ಕಲ್ಲು ಸರಿಸಿ ಒಂದು ಜಾಗ ಮಾಡಿಟ್ಟಿದ್ದೆವು. ಒಕ್ಕಣೆ ಕಣದ ಅರ್ಧದಷ್ಟೂ ಇರಲಿಲ್ಲ ಅದು. ಮೂರು ಕಡೆ ಇಳಿಜಾರು, ನಾಲ್ಕನೆಯ ಕಡೆ ಪ್ರಪಾತ. ಅಲ್ಲಿ ಅದುವರೆಗೆ ಯಾವ ಹೆಲಿಕಾಪ್ಟರೂ ಇಳಿದಿರಲಿಲ್ಲ.

ಸುಮಾರು ಒಂಬತ್ತು ಗಂಟೆಗೆ ಸದ್ದು ಕೇಳಿಸಿತು. ಮುಂದೆ ಗಾಜಿನ ಬುರುಡೆಯಂಥ ಮುಖವಿದ್ದ ಸಣ್ಣ ಹೆಲಿಕಾಪ್ಟರು. ನಾವು ಇಬ್ಬರನ್ನೂ ಸ್ಟ್ರೆಚರಿನ ಮೇಲೆ ಎತ್ತಿಕೊಂಡು ಬಯಲಿಗೆ ಬಂದು ನಿಂತೆವು. ಅದು ಹತ್ತಿರ ಬಂತು. ಒಳಗಿದ್ದ ಎರಡು ಹೆಲ್ಮೆಟ್ಟು ಕಾಣುವಷ್ಟು ಹತ್ತಿರ ಬಂತು. ಆಗ ಕೆಳಗಿನ ಇಳಿಜಾರಿನಲ್ಲಿ ಒಂದು ಶೆಲ್ಲು ಸಿಡಿಯಿತು. ಹೆಲಿಕಾಪ್ಟರು ಪಕ್ಕಕ್ಕೆ ವಾಲಿ ತಿರುಗಿಕೊಂಡು ಕಣಿವೆಗೆ ಇಳಿದು ಹೋಗಿಬಿಟ್ಟಿತು. ಗಾಳಿ ಜಾಸ್ತಿ ಇದೆ, ಇಳಿಯಲಾಗುತ್ತಿಲ್ಲ ಎಂದು ವೈರ್‌ಲೆಸ್ಸಿನಲ್ಲಿ ಬಂತು.

"ಓಡೋಗ್ಬುಟ್ಟ ನೋಡ್ಲಾ! ಹೇಡಿ ನನ್ ಮಗ!" ಎಂದು ನಾನು ಕಿರುಚಿದೆ. ಇನ್ನೂ ಏನೇನೋ ಅಂದೆ. ಅದನ್ನು ಬರೆಯಲಾರೆ.

ಗೆಳೆಯ ಸ್ಟ್ರೆಚರಿನಿಂದಲೇ ಕೈ ಎತ್ತಿದ. "ಬಯ್ಯಬ್ಯಾಡ ಕಣ್ಲಾ," ಎಂದ. "ಅವನ್ ಕಷ್ಟ ಅವಂಗೆ."

ಮುಕ್ಕಾಲು ಗಂಟೆ ಹೋಯಿತು. ಪಹಾಡಿ ಜವಾನನ ತುಟಿ ಬಿಳಿಚಿಕೊಂಡಿತ್ತು. ನಾಡಿ ಬೆರಳಿಗೆ ಸಿಕ್ಕಿ ಸಿಕ್ಕಿ ಜಾರುತ್ತಿತ್ತು. ಹೊತ್ತುಕೊಂಡೇ ಹೊರಡೋಣ ಎಂದು ಹಗ್ಗ ಬಿಗಿಯುತ್ತಿದ್ದಾಗ ಮತ್ತೆ ಸದ್ದು. ಈ ಸಲ ಮೇಲಿನಿಂದಲ್ಲ. ಎಲ್ಲಿಂದ ಎಂದು ತಿಳಿಯದೆ ಎಲ್ಲರೂ ಆಕಾಶ ನೋಡುತ್ತಿದ್ದೆವು. ಅಷ್ಟರಲ್ಲಿ ನಮ್ಮ ಕಾಲಡಿಯ ಪ್ರಪಾತದಿಂದ, ಬಂಡೆಯನ್ನು ಸವರಿಕೊಂಡು, ರೆಕ್ಕೆ ತಿರುಗಿಸುತ್ತಾ ಅದು ಮೇಲೆದ್ದು ಬಂತು. ಎದುರು ಬೆಟ್ಟದವರಿಗೆ ಕಾಣಬಾರದೆಂದು ಕಣಿವೆಯ ತಳದಿಂದ ಗೋಡೆಗೆ ಅಂಟಿಕೊಂಡೇ ಹತ್ತಿಸಿಕೊಂಡು ಬಂದಿದ್ದರು. ರೆಕ್ಕೆಗೂ ಬಂಡೆಗೂ ನಡುವೆ ಎರಡು ಮಾರು ಇತ್ತೋ ಇಲ್ಲವೋ.

ಕೆಳಗಿನ ಎರಡು ಕಬ್ಬಿಣದ ಕಾಲುಗಳಲ್ಲಿ ಒಂದನ್ನು ಮಾತ್ರ ನಮ್ಮ ಕಲ್ಲಿನ ಕಣದ ಮೇಲೆ ಊರಿದರು. ಇನ್ನೊಂದು ಕಾಲು, ಬಾಲ, ಎಲ್ಲವೂ ಪ್ರಪಾತದ ಮೇಲೆ ಗಾಳಿಯಲ್ಲಿ. ನಾನು ಬಗ್ಗಿಕೊಂಡು ಓಡಿದೆ. ಪೈಲಟ್ ಸಾಹೇಬರು ತಲೆ ತಿರುಗಿಸಿ ಒಂದು ಬೆರಳು ಎತ್ತಿ ತೋರಿಸಿದರು. ಒಬ್ಬರು ಮಾತ್ರ. ಅಷ್ಟು ಎತ್ತರದ ತೆಳು ಗಾಳಿಯಲ್ಲಿ ಅದಕ್ಕಿಂತ ಹೆಚ್ಚು ಭಾರ ಎತ್ತುವ ಶಕ್ತಿ ಆ ಯಂತ್ರಕ್ಕಿಲ್ಲ ಎಂಬುದು ನಮಗೂ ಗೊತ್ತಿತ್ತು.

ನಾನು ಪಹಾಡಿ ಜವಾನನ ಕಡೆ ಬೆರಳು ತೋರಿಸಿದೆ.

ನನಗೆ ಕಲಿಸಿದ್ದು ಅದೇ. ಯಾರಿಗೆ ಹೊತ್ತು ಕಡಿಮೆಯೋ ಅವರು ಮೊದಲು. ಗೆಳೆಯ ಐದು ಹೆಜ್ಜೆ ಆಚೆ ಮಲಗಿ ನನ್ನನ್ನೇ ನೋಡುತ್ತಿದ್ದ. ನಾನು ಅವನ ಕಣ್ಣು ತಪ್ಪಿಸಿದೆ.

ನಾವು ಒಬ್ಬನನ್ನು ಒಳಗೆ ಮಲಗಿಸಿದೆವು. ಪೈಲಟ್ ಸಾಹೇಬರು ಹೊರಡಲಿಲ್ಲ. ಗೆಳೆಯನ ಸ್ಟ್ರೆಚರಿನ ಕಡೆ ನೋಡಿದರು. ಪಕ್ಕದಲ್ಲಿ ಕೂತಿದ್ದ ಎರಡನೆಯ ಪೈಲಟ್ಟಿಗೆ ಏನೋ ಹೇಳಿದರು. ಒಂದು ಮಾತು, ಅದಕ್ಕಿಂತ ಉದ್ದವಿರಲಿಲ್ಲ. ಆ ಎರಡನೆಯವರು, ಇನ್ನೂ ಎಳೆಯ ಮುಖದ ಅಧಿಕಾರಿ, ಸೀಟಿನ ಪಟ್ಟಿ ಬಿಚ್ಚಿಕೊಂಡು ಕೆಳಗಿಳಿದೇ ಬಿಟ್ಟರು! ಇಳಿದವರು ತಮ್ಮ ಹೆಲ್ಮೆಟ್ಟು ತೆಗೆದು ನನ್ನ ಗೆಳೆಯನ ತಲೆಗೆ ಹಾಕಿದರು. ಅವನ ಕಂಕುಳಿಗೆ ಕೈ ಕೊಟ್ಟು ನನ್ನ ಜೊತೆ ಎತ್ತಿದರು. ಗೆಳೆಯನಿಗೂ ಜಾಗ ಆದದ್ದು ಹಾಗೆ. ಒಬ್ಬ ಪೈಲಟ್ಟಿನ ತೂಕ ಬೆಟ್ಟದ ಮೇಲೆ ಉಳಿಯಿತು, ಒಬ್ಬ ಗಾಯಾಳುವಿನ ತೂಕ ಕೆಳಗೆ ಹೊರಟಿತು.

ಹಾಗೂ ಅದು ಮೇಲೇಳಲಿಲ್ಲ. ರೆಕ್ಕೆ ಕೂಗಿಕೊಂಡಿತು, ಮೈಯೆಲ್ಲ ನಡುಗಿತು, ನೆಲ ಬಿಡಲಿಲ್ಲ. ಆಗ ಸಾಹೇಬರು ಅದನ್ನು ಪಕ್ಕಕ್ಕೆ ಜಾರಿಸಿ ಪ್ರಪಾತದೊಳಗೆ ಬೀಳಿಸಿದರು. ಹೌದು, ಬೀಳಿಸಿದರು. ಕಲ್ಲು ಬಿದ್ದಂತೆ ಬಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಬಹಳ ಕೆಳಗೆ, ಕಣಿವೆಯಲ್ಲಿ, ಬಿದ್ದ ವೇಗವನ್ನೇ ಹಿಡಿದುಕೊಂಡು ಅದು ಹಕ್ಕಿಯಂತೆ ಸಾಗಿ ಹೋಗುತ್ತಿತ್ತು.

ಬೆಟ್ಟದ ಮೇಲೆ ಉಳಿದ ಎಳೆಯ ಅಧಿಕಾರಿಗೆ ನನ್ನ ಉಣ್ಣೆ ಟೋಪಿ ಕೊಟ್ಟೆ. ನಮ್ಮ ಕಲ್ಲಿನ ಮರೆಯಲ್ಲಿ ಕೂರಿಸಿ ಹಿಮ ಕರಗಿಸಿ ಮಾಡಿದ ಚಹಾ ಕೊಟ್ಟೆ. ಅಷ್ಟು ಹೊತ್ತಿಗೆ ಶತ್ರುವಿಗೆ ನಮ್ಮ ಜಾಗ ಸರಿಯಾಗಿ ಗೊತ್ತಾಗಿತ್ತು. ಒಂದರ ಹಿಂದೆ ಒಂದು ಶೆಲ್ಲು ಬರುತ್ತಿತ್ತು.

"ಸಾಬ್, ಇವತ್ತು ನೀವು ನಮ್ಮ ಜೊತೆ ಇಲ್ಲೇ ಇರಬೇಕಾಗಬಹುದು," ಎಂದರು ಸುಬೇದಾರರು.

"ಇಲ್ಲ, ಅವರು ಬರ್ತಾರೆ," ಎಂದರು ಆ ಎಳೆಯ ಅಧಿಕಾರಿ. ರೈಲು ಬರುತ್ತದೆ ಅನ್ನುವ ಹಾಗೆ ಹೇಳಿದರು.

ಬಂದರು. ಮತ್ತೆ ಅದೇ ಬಂಡೆಗೋಡೆ ಸವರಿಕೊಂಡು ಬಂದರು. ಈ ಸಲ ನೆಲಕ್ಕೆ ಕಾಲೂರಲಿಲ್ಲ. ಸೊಂಟದೆತ್ತರಕ್ಕೆ ನಿಲ್ಲಿಸಿದರು. ಎಳೆಯ ಅಧಿಕಾರಿ ಓಡಿ ಹಾರಿ ಕಬ್ಬಿಣದ ಕಾಲನ್ನು ತಬ್ಬಿಕೊಂಡರು, ಹೊಟ್ಟೆಯ ಮೇಲೆ ಉರುಳಿ ಒಳಗೆ ಹೋದರು. ಹೆಲಿಕಾಪ್ಟರು ತಿರುಗಿದಾಗ ಅದರ ಬಾಲದಲ್ಲಿ ತೂತುಗಳು ಕಂಡವು. ಅವು ಆಗ ಆದವೋ, ಮೊದಲೇ ಆಗಿದ್ದವೋ ನನಗೆ ತಿಳಿಯದು. ನನ್ನ ಟೋಪಿ ಅವರ ತಲೆಯ ಮೇಲೇ ಹೊರಟುಹೋಯಿತು.

ಯುದ್ಧ ಮುಗಿದ ಮೇಲೆ ಆಸ್ಪತ್ರೆಗೆ ಹೋಗಿ ಗೆಳೆಯನನ್ನು ನೋಡಿದೆ. ಕಾಲು ಮಂಡಿಯ ಕೆಳಗೆ ಕತ್ತರಿಸಿದ್ದರು. ಪಹಾಡಿ ಜವಾನ ನಾಲ್ಕು ದಿನ ಬದುಕಿದ್ದು ಹೋದ ಎಂದು ಅಲ್ಲಿ ತಿಳಿಯಿತು. ಪೈಲಟ್ ಸಾಹೇಬರು ಯಾರು, ಎಲ್ಲಿಯವರು, ಅವರ ದಳ ಎಲ್ಲಿಗೆ ಹೋಯಿತು, ನಮಗೆ ಯಾರೂ ಹೇಳಲಿಲ್ಲ. ನಾವು ಕೇಳುವ ಸ್ಥಾನದಲ್ಲೂ ಇರಲಿಲ್ಲ. ಇಪ್ಪತ್ತೈದು ವರ್ಷಕ್ಕೂ ಮೇಲೆ ಅವರು ನಮ್ಮೆಲ್ಲರ ಮಾತಿನಲ್ಲಿ 'ಹೆಲಿಕಾಪ್ಟರ್ ಸಾಹೇಬರು' ಆಗಿಯೇ ಉಳಿದರು.

ಸುಬೇದಾರರ ಫೋನು ಬಂದ ಮೇಲೆ, ಅವರನ್ನು ಗೆಳೆಯನ ಊರಿಗೆ ಕರೆದುಕೊಂಡು ಹೋಗಲು ನಾನು ಶ್ರೀರಂಗಪಟ್ಟಣದ ಬಸ್‌ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ಎತ್ತರದ, ಮೀಸೆಯ ಆಳೊಬ್ಬರು ಬರುತ್ತಾರೆಂದು ಮನಸ್ಸಿನಲ್ಲಿ ಕೂತಿತ್ತು. ಬಾಡಿಗೆ ಕಾರಿನಿಂದ ಇಳಿದವರು ನನ್ನ ಭುಜಕ್ಕೆ ಬರುವಷ್ಟು ಎತ್ತರದ, ಸಣಕಲು ಮೈಯ, ಕನ್ನಡಕದ ಮನುಷ್ಯ. ಕಾಲಿಗೆ ಕ್ಯಾನ್ವಾಸ್ ಶೂಸು. ಬ್ಯಾಂಕಿನ ನಿವೃತ್ತ ಮ್ಯಾನೇಜರು ಅಂದರೆ ಯಾರೂ ಒಪ್ಪುವಂತಿದ್ದರು. ನಾನು ಸೆಲ್ಯೂಟು ಹೊಡೆಯಲು ಕೈ ಎತ್ತಿದೆ. ಅವರು ಆ ಕೈಯನ್ನೇ ಹಿಡಿದುಕೊಂಡರು.

"ಬೆರಳು ತೋರಿಸಿದವನು ನೀನೇ ಅಲ್ವಾ?" ಎಂದರು ಹಿಂದಿಯಲ್ಲಿ.

"ಹೌದು ಸರ್."

"ಆ ಮುಖ ಮರೆತಿಲ್ಲ ನಾನು."

ಕಾರು ಪಾಂಡವಪುರ ದಾಟುವವರೆಗೆ ಗದ್ದೆ, ನಾಲೆ, ಕಬ್ಬು ನೋಡುತ್ತಾ ಕೂತಿದ್ದರು. ಆಮೇಲೆ ಇದ್ದಕ್ಕಿದ್ದಂತೆ, "ಮೊದಲನೇ ಸಲ ಯಾಕೆ ತಿರುಗಿಸಿಕೊಂಡು ಹೋದೆ ಅಂತ ನೀನು ಕೇಳಲೇ ಇಲ್ಲ," ಎಂದರು.

"ಗಾಳಿ ಅಂತ ಹೇಳಿದ್ರಲ್ಲ ಸರ್."

"ಹೇಳಿದ್ದು ನಾನೇ. ಗಾಳಿ ಇತ್ತು, ನಿಜ. ಇಳಿಯಲಾಗದಷ್ಟು ಇರಲಿಲ್ಲ." ಅವರು ಕಿಟಕಿಯ ಕಡೆಯೇ ನೋಡುತ್ತಿದ್ದರು. "ಹೆದರಿದೆ. ಶೆಲ್ಲಿನ ಬೆಂಕಿ ಕಂಡಿತು, ಕೈ ತಾನಾಗಿಯೇ ತಿರುಗಿಸಿಬಿಡ್ತು. ಕೆಳಗೆ ಹೋಗಿ ಇಳಿಸಿದೆ. ಯಾರೂ ಏನೂ ಅನ್ನಲಿಲ್ಲ. ಚಹಾ ಕೊಟ್ಟರು. ಲೋಟ ಹಲ್ಲಿಗೆ ಬಡಿಯುತ್ತಿತ್ತು, ಅಷ್ಟು ನಡುಗುತ್ತಿತ್ತು ಕೈ. ಜೊತೆಯ ಹುಡುಗ ನೋಡಿಯೂ ನೋಡದವನ ಹಾಗೆ ಬೇರೆ ಕಡೆ ತಿರುಗಿ ನಿಂತ."

"ಮತ್ತೆ?"

"ತಿರುಗಿಸುವಾಗ ನೀವು ನನಗೆ ಕಾಣಿಸಿದಿರಿ. ಎರಡು ಸ್ಟ್ರೆಚರು ಎತ್ತಿಕೊಂಡು ಬಯಲಿನಲ್ಲಿ ನಿಂತಿದ್ದಿರಿ. ಶೆಲ್ಲು ಸಿಡಿದರೂ ಒಬ್ಬರೂ ಕೆಳಗಿಡಲಿಲ್ಲ. ಚಹಾ ಕುಡಿಯುವಾಗ ಅದೇ ಕಣ್ಣ ಮುಂದೆ. ಅವರು ಇನ್ನೂ ಎತ್ತಿಕೊಂಡೇ ನಿಂತಿರ್ತಾರೆ ಅನ್ನಿಸ್ತು. 'ಹೋಗೋಣವಾ?' ಅಂದೆ. 'ಹೋಗೋಣ ಸರ್,' ಅಂದ ಅವನು. ಅಷ್ಟೇ ಆದದ್ದು."

ನನಗೆ ಸುಮ್ಮನಿರಲಾಗಲಿಲ್ಲ. "ನಾನು ಆಗ ನಿಮ್ಮನ್ನ ಬೈದೆ ಸರ್," ಎಂದೆ.

"ಏನಂತ?"

"ಹೇಡಿ ಅಂತ. ಇನ್ನೂ ಸ್ವಲ್ಪ ಇತ್ತು. ಅದಕ್ಕೆ ಹಿಂದಿ ನನಗೆ ಬರೋದಿಲ್ಲ."

ಅವರು ಕನ್ನಡಕ ತೆಗೆದು ನಕ್ಕರು. ಬಹಳ ಹೊತ್ತು ನಕ್ಕರು. ಕಾರಿನ ಡ್ರೈವರು ಕನ್ನಡಿಯಲ್ಲಿ ನೋಡಿದ. "ಸರಿಯಾಗೇ ಬೈದಿದ್ದೀಯ. ಆ ಮುಕ್ಕಾಲು ಗಂಟೆಗೆ ಅದೇ ಸರಿ," ಎಂದರು.

ಅಲ್ಲಿಯವರೆಗೆ ನಾನು ಅವರನ್ನು ಹೆದರಿಕೆಯೇ ಇಲ್ಲದ ಮನುಷ್ಯ ಎಂದು ತಿಳಿದಿದ್ದೆ. ಹಾಗೆ ತಿಳಿದೇ ಎಷ್ಟೋ ಜನರಿಗೆ ಅವರ ಕತೆ ಹೇಳಿದ್ದೆ. ಈಗ ನನ್ನ ಪಕ್ಕ ಕೂತಿದ್ದವರು ಕೈ ನಡುಗಿದ ಮನುಷ್ಯ. ನಡುಗುವ ಕೈಯಿಂದಲೇ ಬಂಡೆಗೂ ರೆಕ್ಕೆಗೂ ಎರಡು ಮಾರು ಬಿಟ್ಟು ಹತ್ತಿಸಿದವರು, ಒಂದಲ್ಲ, ಎರಡು ಸಲ. ಯಾರೂ ಕೇಳದಿದ್ದರೂ ಅದನ್ನು ಬಾಯಿಬಿಟ್ಟು ಹೇಳಿದವರು. ನನ್ನ ಮನಸ್ಸಿನಲ್ಲಿ ಅವರು ಇನ್ನೂ ಎತ್ತರಕ್ಕೆ ಹೋದರು.

ಬೂಕನಕೆರೆಯಲ್ಲಿ ಗೆಳೆಯ ರಸ್ತೆಗೇ ಬಂದು ನಿಂತಿದ್ದ. ಪ್ಯಾಂಟು ಹಾಕಿ, ಕೃತಕ ಕಾಲಿಗೆ ಹೊಸ ಶೂಸು ತೊಡಿಸಿದ್ದ. ಅವನೀಗ ಎರಡು ಎಕರೆ ಕಬ್ಬು, ನಾಲ್ಕು ಹಸು ಇಟ್ಟುಕೊಂಡಿದ್ದಾನೆ. ಡೇರಿಗೆ ಹಾಲು ಹಾಕುತ್ತಾನೆ. ಸಾಹೇಬರು ಕಾರಿನಿಂದ ಇಳಿದರು. ಇಬ್ಬರೂ ಒಬ್ಬರ ಮುಂದೆ ಒಬ್ಬರು ನಿಂತರು. ಕೊನೆಗೆ ಸಾಹೇಬರೇ ಬಗ್ಗಿ, ಅವನ ಪ್ಯಾಂಟಿನ ಮೇಲಿಂದ ಮಂಡಿಯನ್ನು ಮುಟ್ಟಿ ನೋಡಿದರು.

"ನಾನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ನಿನ್ನನ್ನು ಬೇರೆ ಕಡೆ ಕಳಿಸಿದ್ದರು. ಮಂಡಿ ಉಳೀತಾ ಇಲ್ವಾ ಅಂತ ಇಷ್ಟು ವರ್ಷ ಗೊತ್ತಾಗಿರಲಿಲ್ಲ," ಎಂದರು.

"ಉಳೀತು ಸಾಬ್," ಎಂದ ಗೆಳೆಯ. ಅವನ ಕಣ್ಣು ತುಂಬಿತು.

ಅವನ ತಾಯಿ ಬಾಗಿಲಲ್ಲಿ ನಿಂತಿದ್ದರು. ಬೆನ್ನು ಬಾಗಿದೆ, ದನಿ ಬಾಗಿಲ್ಲ. "ಅಲ್ಲೇ ನಿಲ್ಲಿಸ್ಕಂಡ್ರಲ್ಲೋ! ಬಾರಪ್ಪ, ಒಳೀಕೆ ಬಾ," ಎಂದು ಸಾಹೇಬರ ಕೈ ಹಿಡಿದು ಎಳೆದುಕೊಂಡೇ ಹೋದರು. ಅವರ ಮುಖ ಸವರಿ ನೆಟಿಗೆ ಮುರಿದರು. ನಾನು ನಡುವೆ ಕೂತು ಅತ್ತ ಹಿಂದಿ, ಇತ್ತ ಕನ್ನಡ ಮಾಡತೊಡಗಿದೆ.

"ಯೋಳು ಮಗ, ನೀನು ಅಂಗೆ ಬೆಂಕಿ ಒಳೀಕೆ ಓಯ್ತಿದ್ದುದ್ದು ನಿಮ್ಮವ್ವಂಗೆ ಗೊತ್ತಿತ್ತಾ ಅಂತ ಕೇಳು."

ಕೇಳಿದೆ. "ಇಲ್ಲಮ್ಮ," ಎಂದರು ಸಾಹೇಬರು. "ಇಲ್ಲಿ ಹವಾ ಚೆನ್ನಾಗಿದೆ ಅಂತ ಕಾಗದ ಬರೀತಿದ್ದೆ."

"ನನ್ ಮಗ್ನೂವೆ ಅದನ್ನೇ ಬರೀತಿದ್ದ. ಸುಳ್ಳು ನನ್ ಮಕ್ಳು ನೀವೆಲ್ಲ!"

ಅದನ್ನು ಹಾಗೆಯೇ ಹಿಂದಿಗೆ ಮಾಡಿದೆ. ಸಾಹೇಬರು ತಲೆ ತಗ್ಗಿಸಿ ಬೈಸಿಕೊಂಡರು. ತಮ್ಮ ತಾಯಿ ತೀರಿಕೊಂಡು ನಾಲ್ಕು ವರ್ಷವಾಯಿತು ಎಂದರು. ಗೆಳೆಯನ ತಾಯಿ ಅವರ ಕೈಯನ್ನು ಮತ್ತೆ ಹಿಡಿದುಕೊಂಡರು. "ಅಯ್ಯೋ, ಇರ್ಬೇಕಾಗಿತ್ತು. ಒಂದ್ಸಲ ಕಾಲು ಮುಟ್ತಿದ್ದೆ ಅವಳ್ದ," ಎಂದರು. ಇದನ್ನೂ ಹಿಂದಿಗೆ ಮಾಡಿದೆ.

ಊಟವಾದ ಮೇಲೆ ಸಾಹೇಬರು, "ಬೆಲ್ಲ ಮಾಡುವ ಜಾಗ ತೋರಿಸ್ತೀಯಾ?" ಎಂದು ಗೆಳೆಯನನ್ನು ಕೇಳಿದರು. ನನಗೆ ಅರ್ಥವಾಗಲಿಲ್ಲ. ಗೆಳೆಯ ಮಾತ್ರ ಹಣೆ ಚಚ್ಚಿಕೊಂಡು ನಕ್ಕ.

ಹೆಲ್ಮೆಟ್ಟು ತಲೆಗೆ ಹಾಕಿದ್ದು ಯಾಕೆಂದು ಆಗ ತಿಳಿಯಿತು. ಅದರಲ್ಲಿ ಪೈಲಟ್ಟಿನ ಮಾತು ಕೇಳಿಸುತ್ತದೆ, ಹಾಕಿಕೊಂಡವನೂ ಮಾತಾಡಬಹುದು. ದಾರಿಯುದ್ದಕ್ಕೂ ಸಾಹೇಬರು ಗೆಳೆಯನಿಗೆ ಕಣ್ಣು ಮುಚ್ಚಲು ಬಿಡಲಿಲ್ಲವಂತೆ. ಪಕ್ಕದಲ್ಲಿದ್ದ ಪಹಾಡಿ ಜವಾನನ ಎದೆಯ ಮೇಲೆ ಕೈಯಿಟ್ಟು ಉಸಿರು ಇದೆಯಾ ಹೇಳುತ್ತಿರು ಎಂದರಂತೆ. ಇದೆ ಸಾಬ್, ಇದೆ ಸಾಬ್ ಎಂದು ಇವನು ಹೇಳುತ್ತಿದ್ದ. ನಡುವೆ ಮಾತು ನಿಂತರೆ, ನಿಮ್ಮೂರಲ್ಲಿ ಏನು ಬೆಳೀತೀರಿ, ಕಬ್ಬಿಂದ ಬೆಲ್ಲ ಹೇಗೆ ಆಗುತ್ತೆ ಎಂದು ಕೇಳುತ್ತಿದ್ದರು. ರಕ್ತ ಹೋಗಿ ಅರ್ಧ ಎಚ್ಚರದಲ್ಲಿದ್ದ ಇವನು ಗಾಣಕ್ಕೆ ಕಬ್ಬು ಕೊಡುವುದರಿಂದ ಹಿಡಿದು ಹೇಳತೊಡಗಿದ. ಒಬ್ಬರೇ, ಅಷ್ಟು ಭಾರ ಹೊತ್ತ ಯಂತ್ರವನ್ನು ಬಂಡೆಗಳ ನಡುವೆ ನಡೆಸುತ್ತಾ, ಅವರು ಬೆಲ್ಲದ ಕತೆ ಕೇಳುತ್ತಿದ್ದರು!

"ಪಾಕ ಬಂತಾ ಅಂತ ನೀರಿಗೆ ಹಾಕಿ ನೋಡ್ತಾರೆ ಅನ್ನೋವರೆಗೆ ಹೇಳಿದ್ದ. ಅಷ್ಟರಲ್ಲಿ ಆಸ್ಪತ್ರೆ ಬಂತು. ಮುಂದೇನು ಅಂತ ಗೊತ್ತಾಗಲೇ ಇಲ್ಲ," ಎಂದರು ಸಾಹೇಬರು.

ಆಲೆಮನೆಗೆ ಕಾರು ಹೋಗುವ ದಾರಿಯಿರಲಿಲ್ಲ. ಗೆಳೆಯ ಟ್ರಾಕ್ಟರು ತೆಗೆದ. ಸಾಹೇಬರು ಒಂದು ಮಡ್‌ಗಾರ್ಡಿನ ಮೇಲೆ, ನಾನು ಇನ್ನೊಂದರ ಮೇಲೆ. ನಾಲೆಯ ಏರಿ ಕಿರಿದು, ಟ್ರಾಕ್ಟರು ವಾಲುತ್ತಾ ಹೋಗುತ್ತಿತ್ತು. ಸಾಹೇಬರು ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, "ನಿಧಾನ, ನಿಧಾನ," ಎನ್ನುತ್ತಿದ್ದರು.

"ಏನ್ಲಾ, ಸಾಹೇಬ್ರು ಹೆದರ್ಕತಾವ್ರೆ?" ಎಂದ ಗೆಳೆಯ.

ಕಾರಿನಲ್ಲಿ ಅವರು ಹೇಳಿದ್ದನ್ನು ಅವನಿಗೆ ಆಗ ಹೇಳಿದೆ, ಕನ್ನಡದಲ್ಲಿ. ಅವನು ಗೇರು ಬದಲಿಸಿದ.

"ಅಲ್ಲಿ ಹೆದರ್ದೆ ಇದ್ದೋನು ಯಾವನ್ಲಾ ಇದ್ದ?" ಎಂದ. "ನಾವು ಹೆದರ್ಕಂಡು ಅಲ್ಲೇ ಇದ್ದೋ. ನಮ್ಗೆ ಓಗಕೆ ದಾರಿ ಇರ್ನಿಲ್ಲ. ಇವ್ರು ತಪ್ಪಿಸ್ಕಂಡು ಓಗಿದ್ದೋರು, ತಿರ್ಗ ಬಂದ್ರು."

ಆಮೇಲೆ, ಟ್ರಾಕ್ಟರಿನ ಸದ್ದಿನ ನಡುವೆಯೇ ಇನ್ನೊಂದು ಮಾತು ಹೇಳಿದ. "ನೀನು ಅವನ ಕಡೆ ಬೆರಳು ತೋರ್ಸಿದ್ದ ನಾನು ನೋಡ್ದೆ ಕಣ್ಲಾ. ಆವತ್ತಿಂದ ನೀನು ನನ್ ಮುಂದೆ ಅದರ ಮಾತೇ ಎತ್ತಿಲ್ಲ. ಸರಿಯಾಗೇ ತೋರ್ಸ್ದೆ. ಸುಮ್ಕೆ ಹೊತ್ಕಂಡು ತಿರುಗ್ಬ್ಯಾಡ."

ನಾನು ಕೈ ಚಾಚಿ ಅವನ ಭುಜ ತಟ್ಟಿದೆ.

ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯುತ್ತಿತ್ತು. ಸಾಹೇಬರು ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ಕೊನೆಯವರೆಗೂ ನಿಂತು ನೋಡಿದರು. ಪಾಕ ಎಳೆ ಬಂದದ್ದು, ಅದನ್ನು ಹರಿವಾಣಕ್ಕೆ ಸುರಿದು ಕಲಸಿದ್ದು, ಅಚ್ಚಿಗೆ ಒತ್ತಿದ್ದು, ಎಲ್ಲವನ್ನೂ. ಬಿಸಿ ಬೆಲ್ಲದ ಉಂಡೆಯನ್ನು ಎಲೆಯ ಮೇಲೆ ಕೊಟ್ಟಾಗ ಬೆರಳು ಸುಟ್ಟುಕೊಂಡು ತಿಂದರು. ಅಲ್ಲಿನ ಕೆಲಸದವರು, ಇವರು ಯಾರು ಎಂದು ಗೆಳೆಯನನ್ನು ಕೇಳಿದರು. "ನನ್ನ ಎತ್ಕಂಡು ಬಂದೋರು," ಎಂದ ಅವನು. ಅದಕ್ಕಿಂತ ಹೆಚ್ಚಿಗೆ ವಿವರಿಸಲಿಲ್ಲ.

ಹಿಂತಿರುಗುವಾಗ ಕಾರಿನಲ್ಲಿ ನಾನು ಬಹಳ ದಿನದಿಂದ ಒಳಗಿದ್ದದ್ದನ್ನು ಕೇಳಿಯೇಬಿಟ್ಟೆ. "ಸರ್, ಆ ಪಹಾಡಿ ಜವಾನ ಉಳೀಲಿಲ್ಲ. ಅವನಿಗಾಗಿ ಅಲ್ವಾ ನೀವು ಅಷ್ಟು ಅವಸರ ಮಾಡಿದ್ದು. ಬೇಸರ ಆಗಲಿಲ್ವಾ?"

"ನಾಲ್ಕು ದಿನ ಇದ್ದ," ಎಂದರು ಅವರು. "ಮೂರನೇ ದಿನ ಅವನ ತಂದೆ ಊರಿಂದ ಬಂದು ಮುಟ್ಟಿದರು. ಅಪ್ಪ, ಮಗ ಒಂದು ದಿನ ಪೂರ್ತಿ ಮಾತಾಡಿದರು. ಬೆಟ್ಟದ ಮೇಲೇ ಬಿಟ್ಟಿದ್ದರೆ ಆ ಒಂದು ದಿನ ಅವರಿಗೆ ಇರ್ತಿರಲಿಲ್ಲ."

ಹೀಗೆಂದು ಯಾರಿಗೋ ಫೋನು ಮಾಡಿ, ಎರಡು ಮಾತಾಡಿ, ನನ್ನ ಕೈಗೆ ಕೊಟ್ಟರು. ಆ ಕಡೆ ಒಬ್ಬ ಮುದುಕರ ದನಿ. ಆ ಜವಾನನ ತಂದೆ. ಸಾಹೇಬರು ಇಷ್ಟೂ ವರ್ಷ ಅವರ ಸಂಪರ್ಕ ಬಿಟ್ಟಿರಲಿಲ್ಲ.

ನಾನು ಯಾರೆಂದು ಹೇಳಿದೆ. ಬೆಟ್ಟದ ಮೇಲೆ ನಿಮ್ಮ ಮಗನಿಗೆ ಔಷಧಿ ಕೊಟ್ಟವನು ಎಂದೆ.

"ಮದ್ರಾಸಿ ಅಣ್ಣ ನೀವೇನಾ?" ಎಂದರು ಅವರು. "ಅವನು ಹೇಳ್ತಿದ್ದ. ಒಬ್ಬ ಮದ್ರಾಸಿ ಅಣ್ಣ ತನ್ನ ಭಾಷೆಯಲ್ಲಿ ಏನೋ ಮಾತಾಡ್ತಾನೇ ಇದ್ದ, ಒಂದಕ್ಷರ ಅರ್ಥ ಆಗಲಿಲ್ಲ, ಆದರೆ ನಿಲ್ಲಿಸಬಾರದು ಅನ್ನಿಸ್ತಿತ್ತು ಅಂತ."

ನಾನು ಮಾತಾಡಿದ್ದು ನನಗೆ ನೆನಪಿಲ್ಲ. ಎಷ್ಟು ಹುಡುಕಿದರೂ ನೆನಪಾಗುವುದಿಲ್ಲ. ಅಂಗೆ ಆಗಕಿಲ್ಲ, ಇಂಗೆ ಆಗಕಿಲ್ಲ, ಸುಮ್ಕಿರು ಎಂದು ನಾಗಮಂಗಲದ ಮಾತಿನಲ್ಲಿ ಏನೋ ಗೊಣಗಿರಬೇಕು. ನಾನು "ಹೌದು ಬಾಬಾ, ನಾನೇ," ಎಂದಷ್ಟೇ ಹೇಳಿ ಫೋನನ್ನು ಸಾಹೇಬರಿಗೆ ಕೊಟ್ಟೆ.

ಅವರು ಫೋನನ್ನು ಕಿವಿಗಿಟ್ಟುಕೊಂಡು, ನನ್ನ ಕಡೆ ನೋಡದೆ, ಮುದುಕರ ಜೊತೆ ಮಾತು ಮುಂದುವರಿಸಿದರು. ಕೆಮ್ಮು ಕಡಿಮೆಯಾಯಿತಾ, ಈ ಸಲ ಆಲೂಗೆಡ್ಡೆ ಹೇಗೆ ಬಂತು, ಕಪ್ಪು ಹಸು ಈಯಿತಾ ಎಂದು ಕೇಳುತ್ತಿದ್ದರು. ಹೆಣ್ಣು ಕರು ಎಂದಿರಬೇಕು ಆ ಕಡೆಯಿಂದ. ಸಾಹೇಬರ ಮುಖ ಅರಳಿತು.